ನಾಲ್ಕನೆಯ ಕಿಡಿ

ಬಾಟಲಿ ಬಂದದ್ದು ಮಳೆ ಹಿಡಿದ ಮೂರನೇ ವಾರ,
ಲಾರಿಯವನ ಸೀಟಿನಡಿ, ಹಳೇ ಸ್ವೆಟರಿನಲ್ಲಿ ಸುತ್ತಿಕೊಂಡು.
ಚೀಟಿಯಲ್ಲಿ: ಎರಡನೇ ನಂಬರು, ಗಣಿಯ ಫೀಡರು, ಕೆಳಗಿನ ನಲ್ಲಿ.
ಬೆಳಕಿಗೆ ಹಿಡಿದೆ. ಹಾಲಿಲ್ಲದ ಚಹಾದ ಬಣ್ಣ.
ಮೂಸಲಿಲ್ಲ. ಕಿಟ್ವೆಯಲ್ಲಿ ಮೂಸಿ ನೋಡುವುದು ದಂಡ,
ತಾಮ್ರ ಕಾಯಿಸುವ ಚಿಮಣಿ
ಊರಿನ ಮೂಗುಗಳನ್ನೆಲ್ಲ ಎಂದೋ ಬಾಡಿಗೆಗೆ ಹಿಡಿದಿದೆ.

ಚಿಶಿಂಬಾ, ಹೊಸ ಹುಡುಗ, ಬಟ್ಟಲು ತೊಳೆದ, ಒರೆಸಿದ.
ಎರಡು ಹಿತ್ತಾಳೆ ಅಣಬೆ, ಮುಖಾಮುಖಿ,
ನಡುವೆ ಒಂದು ನಾಣ್ಯ ನಿಲ್ಲುವಷ್ಟು ಜಾಗ.
ಗೋಡೆಗೆ ತಾಗಿಸಿ ಸುರಿದೆವು, ಗುಳ್ಳೆಯೇಳದಂತೆ,
ನಿದ್ದೆಗಣ್ಣಿನ ಕೂಸಿಗೆ ಔಷಧಿ ಹೊಯ್ಯುವ ಹಾಗೆ.
ಐದು ನಿಮಿಷ ಬಿಡಬೇಕು. ಎಣ್ಣೆಗೂ ದಣಿವುಂಟು.

ಆಮೇಲೆ ಮುಳ್ಳು ಏರುತ್ತದೆ, ಸೆಕೆಂಡಿಗೆ ಎರಡು ಸಾವಿರ ವೋಲ್ಟು.
ಹತ್ತು. ಇಪ್ಪತ್ತು. ಎಣ್ಣೆ ಸುಮ್ಮನಿರುತ್ತದೆ.
ಮೂವತ್ತು. ಸುಮ್ಮನಿರುವುದೇ ಅದರ ಕಸುಬು.
ಟಪ್.
ಉಗುರು ಕತ್ತರಿಸಿದಷ್ಟು ಸದ್ದು, ಒಂದು ನೀಲಿ ಗೆರೆ,
ಮಸಿಯ ನೂಲೊಂದು ನಿಧಾನ ಮೇಲೇಳುತ್ತದೆ.
ನಲವತ್ತೊಂದು, ಬರಿ.
ಕಲಕು, ಎರಡು ನಿಮಿಷ ಕಾಯಿ, ಮತ್ತೆ.
ಮೂವತ್ತೆಂಟು. ನಲವತ್ತಮೂರು.

ಗಾಜು ಬಿರಿದರೆ ಬಿರಿಯಿತು, ಕಾಗದ ಸುಟ್ಟರೆ ಸುಟ್ಟಿತು.
ಎಣ್ಣೆ ಹಾಗಲ್ಲ ನೋಡು, ತೂತು ಬಿದ್ದಲ್ಲೇ ಕೂಡಿಕೊಂಡು
ಏನೂ ಆಗಿಲ್ಲವೆಂಬ ಮುಖ ಮಾಡುತ್ತದೆ,
ಒಳಗೆ ಮಾತ್ರ ಒಂದಿಷ್ಟು ಗಾಳಿ ಕಟ್ಟಿಕೊಂಡಿರುತ್ತದೆ.
ನನ್ನ ಅತ್ತಿಗೆಯೂ ಹೀಗೇ, ಎಂದೆ. ಹುಡುಗ ನಗಲಿಲ್ಲ.

ನಾಲ್ಕನೆಯದು ಹತ್ತೊಂಬತ್ತಕ್ಕೇ ಹರಿಯಿತು.

ಪೆನ್ನು ಗಾಳಿಯಲ್ಲೇ ನಿಂತಿತು.
"ಮಾಯೋ, ತಪ್ಪು ನನ್ನದು. ಒರೆಸಿದ್ದು ಚಿಟೆಂಗೆಯ ಚೂರಿನಲ್ಲಿ.
ಒಂದೆಳೆ ಬಿದ್ದಿರಬೇಕು. ಇದೊಂದು ಬಿಟ್ಟುಬಿಡೋಣ."
ಇರಬಹುದು. ಒಂದೆಳೆ ಸಾಕು.
ನೀರು ಕುಡಿದ ನೂಲು ಸೆಳೆತಕ್ಕೆ ತಲೆಯೆತ್ತಿ ನೆಟ್ಟಗಾಗಿ
ಅದರ ಬಾಲ ಹಿಡಿದು ಇನ್ನೊಂದು,
ಆ ದಡದಿಂದ ಈ ದಡಕ್ಕೆ ಸಂಕ.

ತೊಂಬತ್ತೇಳರಲ್ಲಿ, ಇದೇ ಮೇಜು, ಇದೇ ಎರಡನೇ ನಂಬರು,
ನನಗೂ ಒಂದು ಹತ್ತೊಂಬತ್ತು ಬಿದ್ದಿತ್ತು.
ಬಾಗಿಲಲ್ಲಿ ಮೇಸ್ತ್ರಿ ಮುಸೊಂಡಾ, ಬೆರಳಲ್ಲಿ ಕೀಲಿಕೈ ಗಿಲಿಗಿಲಿ,
ರಾತ್ರಿ ಪಾಳಿ ಇಳಿಯಬೇಕು.
ಚೆಲ್ಲಿದೆ. ಇನ್ನೊಂದು ಬಾಟಲಿ ತೆಗೆದೆ.
ಚಂದದ ಅಂಕಿ ಬರುವತನಕ ಸುರಿದು ಸುರಿದು
ನಲವತ್ತೆರಡು ಅಂತ ಬರೆದೆ.
ಆ ಪಂಜರದಲ್ಲಿ ನನ್ನ ತಮ್ಮ ಕಪೆಂಬ್ವಾ ಇದ್ದ,
ಬುತ್ತಿಯಲ್ಲಿ ಹುರಿದ ಕಪೆಂಟಾ, ಹಲ್ಲಲ್ಲಿ ಕಡ್ಡಿ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು ಅನ್ನುತ್ತಾರಲ್ಲ, ಹಾಗೆ ಕೂತೆ.
ಯಾವ ನಲ್ಲಿಯ ಎಣ್ಣೆಯೆಂದು ನನಗೊಬ್ಬಳಿಗೇ ಗೊತ್ತಿತ್ತು.

ಪಂಜರ ಇಳಿಯಿತು. ಏರಿತು. ಮರುದಿನವೂ. ಈವರೆಗೂ.
ಏನೂ ಆಗಲಿಲ್ಲ, ಅದೇ ಪಜೀತಿ.
ಆಗಿದ್ದರೆ ಎದೆ ಬಡಿದುಕೊಂಡು ಒಮ್ಮೆ ಅತ್ತು ಮುಗಿಸುತ್ತಿದ್ದೆ.
ಆ ಹತ್ತೊಂಬತ್ತು ಸುಳ್ಳೋ ನಿಜವೋ
ಚರಂಡಿಯನ್ನು ಕೇಳಬೇಕು ಈಗ.

ಬರಿ, ಎಂದೆ. ಹತ್ತೊಂಬತ್ತು.
ನಿನ್ನ ಬಟ್ಟೆಯದೋ ಅದರ ಹೊಟ್ಟೆಯದೋ ತಿಳಿಯದು,
ಪಕ್ಕದಲ್ಲಿ ಅದನ್ನೂ ಬರಿ.
ಐದನೆಯದು ನಲವತ್ತು, ಆರನೆಯದು ಮೂವತ್ತೊಂಬತ್ತು.
ಹುಡುಗ ಕೂಡಿಸಿದ, ಭಾಗಿಸಿದ:
ಮೂವತ್ತಾರೂ ಚಿಲ್ಲರೆ. ಗೆರೆಯಿರುವುದು ಮೂವತ್ತಕ್ಕೆ.
ಪಾಸಾಗಿದೆ ಮಾಯೋ, ಹತ್ತೊಂಬತ್ತು ಸೇರಿಸಿದರೂ!

ಅವತ್ತು ನಾನು ಕೂಡಿಸಿಯೂ ನೋಡಿರಲಿಲ್ಲ.

ಬಟ್ಟಲನ್ನು ಕಿಟಕಿಗೆ ಹಿಡಿದು ಅವನು ಎಳೆ ಹುಡುಕುತ್ತಿದ್ದಾನೆ.
ಸಿಗುವುದಿಲ್ಲ, ಕಿಡಿ ಮೊದಲು ಸುಡುವುದು ದಾಟಿದ ಸಂಕವನ್ನೇ.
ನಾನು ಗಣಿಗೆ ಫೋನು ಹಚ್ಚಿ ಕೇಳಿದೆ:
ಎರಡನೇ ನಂಬರು ಉಸಿರಾಡುವ ಡಬ್ಬಿಯಿದೆಯಲ್ಲ,
ಅದರೊಳಗಿನ ಹರಳು ಒಣಗಿದ್ದರೆ ನೀಲಿ.
ಈಗ ಯಾವ ಬಣ್ಣ, ನೋಡಿ ಹೇಳಿ.
ಬಹಳ ಹೊತ್ತು ಆ ಕಡೆ ಬರೀ ತಗಡಿನ ಮೇಲೆ ಮಳೆ.
ಯಾರೋ ಛತ್ರಿಯಿಲ್ಲದೆ ಹೋಗಿ ಬಂದು, ಏದುಸಿರಲ್ಲಿ,
ಗುಲಾಬಿ, ಎಂದರು.